ಬೆಚ್ಚಿಬೀಳುವ ಕ್ರಿಯಾಪದ

ಟ್ರಿಣ್... ಟ್ರಿಣ್...

ಮೇಜಿನ ಮೇಲಿನ ಫೋನು ಸದ್ದು ಮಾಡಿದ್ದು ಎರಡೇ ಸಲ. ಅಷ್ಟಕ್ಕೇ ಅವಳು ಕುರ್ಚಿಯಿಂದ ಒಂದು ಗೇಣು ಮೇಲಕ್ಕೆ ಹಾರಿದಳು! ಮೊಣಕೈ ತಗುಲಿ ಫೋನಿನ ರಿಸೀವರು ಕೆಳಗೆ ಬಿತ್ತು, ಕಾರ್ಡುಗಳ ಡಬ್ಬಿ ಉರುಳಿತು. ಬೆಳಗ್ಗೆಯಿಂದ ಕೂತು ಅಕ್ಷರಕ್ರಮದಲ್ಲಿ ಜೋಡಿಸಿದ್ದ ಮುನ್ನೂರು ಕಾರ್ಡುಗಳು ನೆಲದ ತುಂಬಾ ಚೆಲ್ಲಾಪಿಲ್ಲಿಯಾದವು.

ಕೆಲಸಕ್ಕೆ ಸೇರಿ ಅಂದಿಗೆ ಮೂರನೇ ದಿನ. ‘ಅಯ್ಯೋ ನನ್ನ ಗ್ರಹಚಾರವೇ...’ ಎನ್ನುತ್ತಾ ಅವಳು ನೆಲಕ್ಕೆ ಕುಕ್ಕರಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ದಡಬಡ ಹೆಜ್ಜೆ ಸದ್ದು. ಯಾರೋ ಒಬ್ಬ ಏದುಸಿರು ಬಿಡುತ್ತಾ ಬಾಗಿಲಲ್ಲಿ ಬಂದು ನಿಂತ. ಕಿವಿಯ ಸಂದಿಯಲ್ಲೊಂದು ಪೆನ್ಸಿಲು, ಅಂಗಿಯ ಜೇಬಿನಲ್ಲಿ ಇನ್ನೆರಡು.

“ಏನಾಯ್ತು? ರಿಸೀವರ್‌ನಲ್ಲಿ ಏನೋ ಬಿದ್ದ ಹಾಗೆ ಕೇಳಿಸ್ತು...”

“ಫೋನ್ ಮಾಡಿದ್ದು ನೀವಾ?”

“ಹೌದು. ಕೆಳಗಡೆಯಿಂದ.”

“ಯಾಕೆ ಮಾಡಿದ್ರಿ?”

ಅವನು ತಬ್ಬಿಬ್ಬಾದ. ಫೋನ್ ಮಾಡಿದ್ದಕ್ಕೇ ಕಾರಣ ಕೇಳುವವರನ್ನು ಅವನು ಈವರೆಗೆ ಕಂಡಿರಲಿಲ್ಲ. “ಅದು... ನಿಮ್ಮ ಒಂದು ಕಾರ್ಡಿನ ಬಗ್ಗೆ ಕೇಳೋಣ ಅಂತ...”

“ಕೇಳೋಕೆ ಕಾಲಿಲ್ವಾ? ಮೂರು ಮಹಡಿ ಹತ್ತಿ ಬಂದ್ರೆ ಸವೆದು ಹೋಗ್ತೀರಾ?”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಏನು ಮಾಡುವುದು, ಆಡಿದ ಮಾತು ಆಗಲೇ ಅವನ ಕಿವಿ ತಲುಪಿತ್ತು. ಅವನು ಮಾತ್ರ ಸಿಟ್ಟಾಗಲಿಲ್ಲ. ನೆಲದ ಮೇಲೆ ಮಂಡಿಯೂರಿ ಕಾರ್ಡುಗಳನ್ನು ಒಂದೊಂದಾಗಿ ಎತ್ತತೊಡಗಿದ. ಒಂದು ಕಾರ್ಡು ಇಬ್ಬರ ಕೈಗೂ ಒಟ್ಟಿಗೆ ಸಿಕ್ಕಿತು. ಅವಳ ಬೆರಳು ಇನ್ನೂ ನಡುಗುತ್ತಿರುವುದು ಅವನಿಗೆ ಕಾಣಿಸಿತು. ಅವನು ಏನೂ ಕೇಳಲಿಲ್ಲ.

‘ಎಂಥ ಮನುಷ್ಯ ಇವನು! ಬೈದರೂ ಬೈಸಿಕೊಂಡ ಹಾಗೆ ಕಾಣುವುದಿಲ್ಲವಲ್ಲ...’

ಅಲ್ಲಿಗೆ ಶುರುವಾಯಿತು ನೋಡಿ.

ಅದು ನಿಘಂಟಿನ ಆಫೀಸು. ವಿದ್ಯಾರ್ಥಿಗಳಿಗಾಗಿ ಅಲ್ಲೊಂದು ಜರ್ಮನ್–ಇಂಗ್ಲಿಷ್ ನಿಘಂಟು ತಯಾರಾಗುತ್ತಿತ್ತು. ಎಂಟು ವರ್ಷದಿಂದ ತಯಾರಾಗುತ್ತಲೇ ಇತ್ತು ಎಂದರೆ ಹೆಚ್ಚು ಸರಿ. ಒಂದೊಂದು ಜರ್ಮನ್ ಪದಕ್ಕೂ ಒಂದೊಂದು ಕಾರ್ಡು. ಮೇಲೆ ಪದ, ಕೆಳಗೆ ಅದರ ಇಂಗ್ಲಿಷ್, ಅದರ ಕೆಳಗೆ ಬಳಕೆಯ ಉದಾಹರಣೆಗೆ ಒಂದು ವಾಕ್ಯ, ಎರಡೂ ಭಾಷೆಯಲ್ಲಿ. ಎಸ್‌ನಿಂದ ಝಡ್‌ವರೆಗಿನ ಅಕ್ಷರಗಳು ಇವನ ಪಾಲು. ಹಾಗಾಗಿ ಆಫೀಸಿಗೆಲ್ಲ ಅವನು ‘ಝಡ್ ಸರ್’. ಕೊನೆಯ ಅಕ್ಷರಗಳ ಕೆಲಸ ಹಿಂದೆ ಬಿದ್ದಿದ್ದರಿಂದ ಅವನಿಗೆ ನೆರವಾಗಲು ಇವಳನ್ನು ತೆಗೆದುಕೊಂಡಿದ್ದರು. ಕೆಳಗೆ ಜಾಗವಿಲ್ಲವೆಂದು ಮೂರನೇ ಮಹಡಿಗೆ ಹಾಕಿದ್ದರು.

ಇವಳ ಬಾಯಿಯ ಖಾರ ಕಂಡು ಪುಟ ಜೋಡಿಸುವ ಡಿಟಿಪಿ ಅಕ್ಕ ಎರಡೇ ವಾರದಲ್ಲಿ ಇವಳಿಗೆ ‘ಮೆಣಸಿನಕಾಯಿ’ ಎಂದು ಹೆಸರಿಟ್ಟುಬಿಟ್ಟರು.

ಫೋನಿನ ಗಲಾಟೆಯಾದ ಮಾರನೆಯ ದಿನ ಅವನು ಅವಳ ಕಾರ್ಡೊಂದನ್ನು ಹಿಡಿದು ಮೂರು ಮಹಡಿ ಹತ್ತಿ ಬಂದ.

“ವಾರ್ಟೆನ್... ವೇಟ್ ಮಾಡು, ಕಾಯು. ಇಂಗ್ಲಿಷ್ ಸರಿ ಇದೆ. ಆದ್ರೆ ಈ ವಾಕ್ಯ? ‘ಮನುಷ್ಯನು ಬಸ್ಸಿಗಾಗಿ ಕಾಯುತ್ತಾನೆ.’ ಇದನ್ನ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ನಾನೇ ಬರೆದೆ.”

“ಅದೇ ತೊಂದರೆ. ಮೇಷ್ಟ್ರು ನಿಮಗೆ ನಿಯಮ ಹೇಳಿಲ್ವಾ?”

ಮೇಷ್ಟ್ರು ಎಂದರೆ ಮುಖ್ಯ ಸಂಪಾದಕರು. ಅವರ ನಿಯಮ ಒಂದೇ: ಉದಾಹರಣೆಗೆ ಕಟ್ಟಿದ ವಾಕ್ಯ ಬೇಡ, ಕೇಳಿದ ವಾಕ್ಯ ಬೇಕು. ಬದುಕಿರುವ ಮನುಷ್ಯರ ಬಾಯಿಂದ ಯಾವ ಭಾಷೆಯಲ್ಲಾದರೂ ಬಂದಿರಬೇಕು. ಅದನ್ನೇ ಜರ್ಮನ್‌ಗೂ ಇಂಗ್ಲಿಷಿಗೂ ತರಬೇಕು. ಹೇಳಿದವರು ಯಾರು, ಎಲ್ಲಿ, ಯಾವ ದಿನ ಎಂಬುದನ್ನು ಕಾರ್ಡಿನ ಹಿಂಬದಿಗೆ ಬರೆಯಬೇಕು. ಹೆಸರು ಬೇಡ, ‘ಪಕ್ಕದ ಮನೆಯವರು’, ‘ಬಸ್ ಕಂಡಕ್ಟರ್’ ಎಂದರೆ ಸಾಕು.

“ನಿನ್ನೆಯಿಂದ ಇವತ್ತಿನವರೆಗೆ ಯಾರೂ ನಿಮ್ಮ ಮುಂದೆ ಕಾಯೋ ಮಾತೇ ಆಡಲಿಲ್ವಾ?” ಎಂದು ಅವನು ಕೇಳಿದ.

ಅವಳು ಯೋಚಿಸಿದಳು. “ಬೆಳಗ್ಗೆ ಅಮ್ಮ ಅಂದ್ರು... ‘ನಿನ್ನನ್ನ ಕಾಯ್ತಾ ಕೂತ್ರೆ ನನ್ನ ಕಾಫಿ ತಣ್ಣಗಾಗತ್ತೆ’ ಅಂತ.”

“ಆಹಾ!” ಅವನ ಮುಖ ಅರಳಿತು. “ಬರೀರಿ, ಬರೀರಿ! ಇದನ್ನ ಓದಿದ ಹುಡುಗ ವಾರ್ಟೆನ್ ಪದವನ್ನ ಸಾಯೋವರೆಗೂ ಮರೆಯಲ್ಲ.”

ಅವಳಿಗೆ ನಗು ಬಂತು. ಇಷ್ಟು ಚಿಕ್ಕ ಮಾತಿಗೆ ಇಷ್ಟು ಖುಷಿಪಡುವ ಗಂಡಸನ್ನು ಅವಳು ನೋಡಿರಲಿಲ್ಲ.

ದಿನಗಳು ಹೀಗೇ ಸಾಗಿದವು. ದಿನಕ್ಕೆ ನಾಲ್ಕು ಸಲ, ಐದು ಸಲ ಅವನು ಮೆಟ್ಟಿಲು ಹತ್ತಿ ಬರುತ್ತಿದ್ದ. ಹೆಜ್ಜೆ ಸದ್ದು ಎರಡನೇ ಮಹಡಿ ದಾಟುವಾಗಲೇ ಅವಳ ಕೈ ತಾನಾಗಿ ಕೂದಲು ಸರಿಮಾಡಿಕೊಳ್ಳುತ್ತಿತ್ತು. ‘ಥೂ, ಏನಾಗಿದೆ ನನಗೆ!’ ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಗದರಿಕೊಂಡರೇನು, ಮುಂದಿನ ಸಲವೂ ಅದೇ ಕತೆ.

ಒಂದು ಮಧ್ಯಾಹ್ನ ಚಹಾದ ಹೊತ್ತಿಗೆ ಅವನು ಹಣೆಗೆ ಕೈಹಚ್ಚಿ ಕೂತಿದ್ದ.

“ಏನ್ ಸರ್, ಯಾವ ಪದ ಕಾಡಿಸ್ತಿದೆ?”

“ತ್ಸುಸಾಮೆನ್‌ತ್ಸುಕೆನ್.”

“ಅಬ್ಬಬ್ಬಾ! ಹೇಳೋಕೇ ಅರ್ಧ ಲೋಟ ನೀರು ಬೇಕು.”

“ಬೆಚ್ಚಿಬೀಳೋದು,” ಎಂದ ಅವನು. “ಮೈಯೆಲ್ಲ ಒಂದು ಸಲ ಮುದುಡಿ ಹಾರೋದು. ನಮ್ಮಲ್ಲಿ ಒಂದೇ ಮಾತಲ್ಲಿ ಬಂದುಬಿಡತ್ತೆ. ಇಂಗ್ಲಿಷಲ್ಲಿ ನೋಡಿ, ನೋವಿಗಾದ್ರೆ ವಿನ್ಸ್, ಭಯಕ್ಕಾದ್ರೆ ಫ್ಲಿಂಚ್, ಸದ್ದಿಗಾದ್ರೆ ಜಂಪ್. ಮೂರಲ್ಲಿ ಯಾವುದನ್ನ ಮುಂದೆ ಹಾಕೋದು? ಒಳ್ಳೇ ಉದಾಹರಣೆ ಸಿಕ್ಕಿದ್ರೆ ಅದೇ ತೀರ್ಮಾನ ಮಾಡ್ತಿತ್ತು. ಒಂದು ತಿಂಗಳಾಯ್ತು, ಒಬ್ಬರ ಬಾಯಿಂದಲೂ ಬಂದಿಲ್ಲ.”

ಅವಳು ಲೋಟದಲ್ಲಿನ ಚಹಾ ನೋಡುತ್ತಾ ಕೂತಳು. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಪ್ರಶ್ನೆ ಆಗ ಹೊರಬಂತು.

“ಒಂದು ಕೇಳ್ತೀನಿ. ಫೋನ್ ಇದೆ, ಒಂದು ಗುಂಡಿ ಒತ್ತಿದ್ರೆ ಮುಗೀತು. ನೀವ್ಯಾಕೆ ದಿನಾ ಹೀಗೆ ಮೆಟ್ಟಿಲು ಹತ್ತಿ ಸಾಯ್ತೀರಿ?”

ಅವನು ತಲೆ ತಗ್ಗಿಸಿದ. “ಅವತ್ತು ನಿಮ್ಮ ಕೈ ನಡುಗ್ತಿತ್ತು. ಫೋನ್ ಸದ್ದು ನಿಮಗೆ ಆಗಲ್ಲ ಅನ್ನಿಸ್ತು. ಹತ್ತಿ ಬಂದ್ರೆ ನಾನೇನು ಸವೆದು ಹೋಗಲ್ಲ ಅಂತ ನೀವೇ ಹೇಳಿದ್ರಲ್ಲ.”

ಅವಳು ಲೋಟ ಕೆಳಗಿಟ್ಟಳು. ಎರಡು ವರ್ಷದಿಂದ ಮನೆಯವರು, ಗೆಳತಿಯರು, ನೆಂಟರು ಎಲ್ಲರೂ ಹೇಳಿದ್ದು ಒಂದೇ: ಮರೆತುಬಿಡು, ಮರೆತುಬಿಡು. ಕೇಳದೆಯೇ ಅರ್ಥ ಮಾಡಿಕೊಂಡವನು ಇವನೊಬ್ಬನೇ!

“ನನ್ನ ಮದುವೆ ನಿಶ್ಚಯ ಆಗಿತ್ತು,” ಎಂದಳು ಮೆಲ್ಲಗೆ. “ಇನ್ನು ನಾಲ್ಕೇ ದಿನ ಇತ್ತು. ಮನೆ ತುಂಬಾ ಜನ. ಚಿಕ್ಕಮ್ಮಂದಿರೆಲ್ಲ ಹಾಲ್‌ನಲ್ಲಿ ಕೂತು ಬಟ್ಟೆ ಮಡಚ್ತಾ ನಗ್ತಿದ್ರು. ಫೋನ್ ಬಂತು. ಅವರೇ ಮಾಡಿದಾರೆ ಅಂತ ನಾನೇ ಓಡಿ ಹೋಗಿ ಎತ್ತಿದೆ. ಅವರೇ. ‘ನನಗೆ ಈ ಮದುವೆ ಇಷ್ಟ ಇಲ್ಲ, ನಿಮ್ಮ ತಂದೆಗೆ ಹೇಳಿಬಿಡಿ’ ಅಂದ್ರು. ಅಷ್ಟೇ. ನಾನು ತಿರುಗಿ ನೋಡಿದ್ರೆ ಚಿಕ್ಕಮ್ಮಂದಿರು ಇನ್ನೂ ನಗ್ತಾನೇ ಇದ್ರು...”

ಅವನು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ.

“ಮದುವೆ ಮುರಿದ ದಿನದಿಂದ ಫೋನ್ ಸದ್ದಾದ್ರೆ ಬೆಚ್ಚಿಬೀಳ್ತೀನಿ. ಇದನ್ನ ಯಾರ ಹತ್ರಾನೂ ಹೇಳಿಲ್ಲ. ಅಮ್ಮಂಗೂ ಹೇಳಿಲ್ಲ.”

ಅವನು ಎದ್ದ. ತಣ್ಣಗಾಗಿದ್ದ ಅವಳ ಚಹಾವನ್ನು ತೆಗೆದುಕೊಂಡು ಹೋಗಿ ಬಿಸಿಯಾದದ್ದನ್ನು ತಂದಿಟ್ಟ. ಅಂದು ಮನೆಗೆ ಹೋಗುವಾಗ ಅವಳ ಎದೆ ಹಗುರವಾಗಿತ್ತು. ಹೌದು, ಪ್ರೀತಿಯೇ ಅದು. ಅವಳು ಬಸ್ಸಿನ ಕಿಟಕಿಗೆ ತಲೆಯಾನಿಸಿ ಅದನ್ನು ತನ್ನೊಳಗೇ ಒಪ್ಪಿಕೊಂಡುಬಿಟ್ಟಳು.

ಅದೇ ವಾರ ಮೇಷ್ಟ್ರು ಅವಳನ್ನು ಕರೆದರು.

“ನೋಡಮ್ಮಾ, ನಮ್ಮ ಇನ್ನೊಂದು ಊರಿನ ಶಾಖೆಯಲ್ಲಿ ಶಾಲಾ ಪುಸ್ತಕದ ವಿಭಾಗ ಶುರುವಾಗ್ತಿದೆ. ಎರಡು ವರ್ಷದ ಕೆಲಸ. ನಿನ್ನ ಹೆಸರು ಹೇಳಿದೀನಿ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಅಂತ ಬರೆದುಕೊಡು.”

‘ಊಹೂಂ’ ಎಂದು ಅವಳ ಮನಸ್ಸು ಆಗಲೇ ಬರೆದಾಗಿತ್ತು. ಅವನನ್ನು ಬಿಟ್ಟು ಎರಡು ವರ್ಷವೇ? ಸಾಧ್ಯವೇ ಇಲ್ಲ! ಅವನಿಗೂ ತನ್ನ ಮೇಲೆ ಮನಸ್ಸಿದೆ, ಇವತ್ತಲ್ಲ ನಾಳೆ ಹೇಳುತ್ತಾನೆ ಎಂದು ಅವಳು ನಂಬಿದ್ದಳು.

ಶುಕ್ರವಾರ ಬಂತು.

ಪ್ರತಿ ಶುಕ್ರವಾರ ಆಫೀಸಿನವರೆಲ್ಲ ಉದ್ದನೆಯ ಮೇಜಿನ ಸುತ್ತ ಕೂರುತ್ತಾರೆ. ಅಚ್ಚಿಗೆ ಹೋಗಬೇಕಾದ ಪುಟಗಳನ್ನು ಗಟ್ಟಿಯಾಗಿ ಓದುವುದು ಅಲ್ಲಿನ ರೂಢಿ. ಒಬ್ಬರು ಜರ್ಮನ್, ಇನ್ನೊಬ್ಬರು ಇಂಗ್ಲಿಷ್. ಕಣ್ಣಿಗೆ ತಪ್ಪಿಸಿಕೊಂಡ ದೋಷ ಕಿವಿಗೆ ಸಿಕ್ಕುತ್ತದೆ ಎನ್ನುವುದು ಮೇಷ್ಟ್ರ ನಂಬಿಕೆ. ಅಂದು ಜರ್ಮನ್ ಓದುವ ಸರದಿ ಝಡ್ ಸರ್‌ದು, ಇಂಗ್ಲಿಷ್ ಅವಳದು.

ಅರ್ಧ ಗಂಟೆ ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ಅವನು, “ತ್ಸುಸಾಮೆನ್‌ತ್ಸುಕೆನ್,” ಎಂದು ಓದಿದ. ಓದಿ ತಲೆಯೆತ್ತಿ ಅವಳನ್ನೇ ನೋಡಿದ. ಕಣ್ಣಲ್ಲಿ ಏನೋ ಸಂಭ್ರಮ.

ಅವಳು ಪುಟದ ಮೇಲೆ ಬೆರಳಿಟ್ಟು ಓದಿದಳು. “ಫ್ಲಿಂಚ್, ಜಂಪ್. ಉದಾಹರಣೆ: ಸಿನ್ಸ್ ದ ಡೇ ಹರ್ ವೆಡ್ಡಿಂಗ್ ವಾಸ್ ಕಾಲ್ಡ್ ಆಫ್, ಶಿ ಫ್ಲಿಂಚಸ್... ವೆನೆವರ್...”

ಮುಂದಿನದು ಬಾಯಿಂದ ಹೊರಡಲಿಲ್ಲ.

ಮದುವೆ ಮುರಿದ ದಿನದಿಂದ ಫೋನ್ ಸದ್ದಾದರೆ ಅವಳು ಬೆಚ್ಚಿಬೀಳುತ್ತಾಳೆ... ಅದು ಅವಳ ಮಾತು! ಅಮ್ಮನಿಗೂ ಹೇಳದ ಮಾತು! ಅಕ್ಷರ ಅಕ್ಷರವೂ ಅಚ್ಚಾಗಿ ಅವಳ ಬೆರಳಿನ ಕೆಳಗೆ ಕೂತಿತ್ತು.

“ಭೇಷ್!” ಎಂದರು ಮೇಷ್ಟ್ರು, ಏನೂ ತಿಳಿಯದೆ. “ಜೀವ ಇರೋ ವಾಕ್ಯ. ಫ್ಲಿಂಚ್ ಸರಿಯೋ ಜಂಪ್ ಸರಿಯೋ ಅನ್ನೋ ಜಗಳಾನೇ ಮುಗೀತು. ಇದನ್ನ ಯಾರು ಹೇಳಿದ್ದಯ್ಯಾ?”

“ನಮ್ಮ ಆಫೀಸಿನವರೇ ಸರ್,” ಎಂದ ಅವನು ಹೆಮ್ಮೆಯಿಂದ.

ಆ ಆಫೀಸಿನಲ್ಲಿ ಹೆಂಗಸರು ಇಬ್ಬರೇ. ಡಿಟಿಪಿ ಅಕ್ಕನಿಗೆ ಮೊಮ್ಮಗು ಹುಟ್ಟಿ ಆರು ತಿಂಗಳಾಗಿತ್ತು. ಮೇಜಿನ ಸುತ್ತಲಿನ ತಲೆಗಳೆಲ್ಲ ಒಂದೊಂದಾಗಿ ಅವಳ ಕಡೆಗೆ ತಿರುಗಿದವು. ಯಾರೋ ‘ಪಾಪ’ ಎಂದರು.

ಅವಳು ವಾಕ್ಯವನ್ನು ಕೊನೆಯವರೆಗೂ ಓದಿ ಮುಗಿಸಿದಳು. ಪುಟ ಮಡಚಿಟ್ಟಳು. ಎದ್ದು ಹೊರಗೆ ಹೋದಳು.

ಅವನು ಹಿಂದೆಯೇ ಓಡಿಬಂದ. ಮೆಟ್ಟಿಲ ತಿರುವಿನಲ್ಲಿ ಅವಳು ನಿಂತಳು.

“ಏನಾಯ್ತು? ವಾಕ್ಯದಲ್ಲಿ ತಪ್ಪಿತ್ತಾ?”

“ತಪ್ಪಾ?” ಅವಳ ದನಿ ಏರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು. “ಒಂದು ತಿಂಗಳಿಂದ ವಾಕ್ಯ ಸಿಕ್ಕಿಲ್ಲ ಅಂದ್ರಲ್ಲ, ಅವತ್ತೇ ನನಗೆ ಗೊತ್ತಾಗಬೇಕಿತ್ತು. ಮೆಟ್ಟಿಲು ಹತ್ತಿ ಬಂದಿದ್ದು, ಬಿಸಿ ಚಹಾ ತಂದುಕೊಟ್ಟಿದ್ದು... ಎಲ್ಲಾ ಒಂದು ಕಾರ್ಡಿಗೋಸ್ಕರ!”

“ಇಲ್ಲ! ದೇವರಾಣೆಗೂ ಇಲ್ಲ. ಕೇಳಿ ಇಲ್ಲಿ...”

“ಕೇಳೋದು ನಿಮ್ಮ ಕೆಲಸ ಸರ್. ಚೆನ್ನಾಗಿ ಮಾಡ್ತೀರಿ.”

ಅವಳು ಹೊರಟುಹೋದಳು. ಅವನು ಗೋಡೆ ಹಿಡಿದು ಅಲ್ಲೇ ನಿಂತ.

ಈಗ ಅವನ ಪಾಡನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನ್ಯಾಯವಲ್ಲ. ಅವನು ಮೋಸಗಾರನಲ್ಲ, ಪೆದ್ದ. ಎಂಟು ವರ್ಷ ಪದಗಳ ಜೊತೆಗೇ ಬದುಕಿದ ಅವನಿಗೆ ನಿಘಂಟಿಗಿಂತ ದೊಡ್ಡ ಜಾಗ ಲೋಕದಲ್ಲಿ ಇನ್ನೊಂದಿರಲಿಲ್ಲ. ಅವಳ ಮಾತು ಅಂದು ಸಂಜೆಯೆಲ್ಲ ಅವನನ್ನು ಬಿಡಲಿಲ್ಲ. ಮನಸ್ಸಿಗೆ ನಾಟಿದ್ದನ್ನೆಲ್ಲ ಕಾರ್ಡಿಗೆ ಬರೆಯುವುದು ಅವನ ಅಭ್ಯಾಸ. ಬರೆದ. ನೂರಾರು ವರ್ಷ ಉಳಿಯುವ ಪುಸ್ತಕದಲ್ಲಿ ಅವಳದೊಂದು ಮಾತಿರಲಿ, ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡ. ಒಂದು ಮಾತು ಅವಳನ್ನು ಕೇಳಬೇಕು ಎಂದು ಮಾತ್ರ ಆ ಮಹಾಪಂಡಿತನಿಗೆ ಹೊಳೆಯಲಿಲ್ಲ!

ಭಾನುವಾರ ಅವಳು ಅಮ್ಮನ ಜೊತೆ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಳು. ಮಧ್ಯಾಹ್ನದ ಬಿಸಿಲು ಚಾಪೆಯ ಮೇಲೆ ಬಿದ್ದಿತ್ತು.

“ಆ ಊರಿನ ಕೆಲಸಕ್ಕೆ ಹೂಂ ಅಂತೀನಮ್ಮ. ಪತ್ರ ಬರೆದಾಯ್ತು.”

“ಹೋದ ವಾರ ಬೇಡ ಅಂತಿದ್ದೆ?”

“ಮನಸ್ಸು ಬದಲಾಯ್ತು.”

ಅಮ್ಮ ದಿಂಬಿನ ಚೀಲವೊಂದನ್ನು ಕೊಡವಿದರು. “ಯಾರೇ ಅವನು?”

“ಯಾರೂ ಇಲ್ಲ, ಸುಮ್ನಿರಮ್ಮ!”

“ಆ ಟವೆಲ್ಲನ್ನ ನಾಲ್ಕು ಸಲ ಮಡಚಿ ನಾಲ್ಕು ಸಲ ಬಿಚ್ಚಿದೀಯ. ನಾನೇನು ಕುರುಡಿನಾ?” ಅಮ್ಮ ಟವೆಲ್ ಕಿತ್ತುಕೊಂಡರು. “ನೋಡು ಕಣೇ, ಹೋಗೋದಿದ್ರೆ ಹೋಗು. ಕೆಲಸ ಇಷ್ಟ ಅಂತ ಹೋಗು. ಯಾರದ್ದೋ ಮುಖ ನೋಡೋಕಾಗ್ದೆ ಹೋಗ್ಬೇಡ. ಎರಡು ವರ್ಷದಿಂದ ಫೋನ್ ಕಂಡ್ರೆ ದೂರ ಓಡ್ತೀಯ. ಇನ್ನು ಎಷ್ಟರಿಂದ ಅಂತ ಓಡ್ತೀಯೇ?”

ಅವಳು ಅಮ್ಮನನ್ನೇ ನೋಡಿದಳು. ಅಮ್ಮನಿಗೆ ಗೊತ್ತಿತ್ತು! ಅಂದು ಅವಳು ಅಮ್ಮನ ಮಡಿಲಲ್ಲಿ ತಲೆಯಿಟ್ಟು ಚೆನ್ನಾಗಿ ಅತ್ತಳು.

ಸೋಮವಾರ ಬೆಳಗ್ಗೆ ಪತ್ರ ಚೀಲದಲ್ಲಿಟ್ಟುಕೊಂಡೇ ಆಫೀಸಿಗೆ ಬಂದಳು. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಡಿಟಿಪಿ ಅಕ್ಕ ಕೈಬೀಸಿ ಕರೆದರು.

“ಬಾರೇ ಮೆಣಸಿನಕಾಯಿ. ಇದೊಂದು ನೋಡು. ಮಧ್ಯಾಹ್ನ ಪ್ರೆಸ್ಸಿಗೆ ಹೋಗೋ ಪುಟ.”

ಅವಳು ಒಲ್ಲದ ಮನಸ್ಸಿನಿಂದ ಬಗ್ಗಿ ನೋಡಿದಳು. ಕಣ್ಣು ತಾನಾಗಿ ಆ ಜಾಗಕ್ಕೆ ಹೋಯಿತು. ತ್ಸುಸಾಮೆನ್‌ತ್ಸೀಯೆನ್ ಇತ್ತು. ಅದರ ಕೆಳಗೆ ಸೀದಾ ತ್ಸುಸಾಟ್ಸ್. ನಡುವೆ ಇರಬೇಕಾದದ್ದು ಇರಲಿಲ್ಲ.

“ಅಕ್ಕಾ... ತ್ಸುಸಾಮೆನ್‌ತ್ಸುಕೆನ್ ಎಲ್ಲಿ?”

“ಕಿತ್ತು ಹಾಕಿಸಿದ ನಿಮ್ಮ ಝಡ್ ಸರ್. ಶುಕ್ರವಾರ ಸಂಜೆನೇ ಮೇಷ್ಟ್ರ ಹತ್ರ ಹೋಗಿ, ಆ ವಾಕ್ಯ ತೆಗೀರಿ, ನಾನು ಕೇಳದೆ ತಗೊಂಡಿದ್ದು ಅಂದ. ಉದಾಹರಣೆ ಇಲ್ಲದ ಪದ ಈ ಪುಸ್ತಕದಲ್ಲಿ ಇರೋ ಹಾಗಿಲ್ಲ ಅಂತ ಮೇಷ್ಟ್ರು ಹಠ ಹಿಡಿದ್ರು. ಹಾಗಾದ್ರೆ ಪದಾನೇ ತೆಗೀರಿ ಅಂದುಬಿಟ್ಟ! ‘ಓದಿದವರೆಲ್ಲ ನಗ್ತಾರೆ ಕಣಯ್ಯಾ, ಎಂಟು ವರ್ಷದ ಕೆಲಸಕ್ಕೆ ಕಪ್ಪುಚುಕ್ಕೆ ಆಗತ್ತೆ’ ಅಂತ ಮೇಷ್ಟ್ರು ಅಂದ್ರೂ ಕೇಳಲಿಲ್ಲ. ‘ನಗ್ಲಿ ಸರ್, ತಪ್ಪು ನಂದು ಅಂತ ಹೇಳಿ’ ಅಂದ.”

ಅವಳು ಹಾಳೆಯನ್ನು ಮತ್ತೊಮ್ಮೆ ನೋಡಿದಳು. ಒಂದು ಪದ ಬಿಟ್ಟುಹೋದರೆ ಅವನು ಊಟ ಬಿಡುವ ಮನುಷ್ಯ. ಗೊತ್ತಿದ್ದೂ ಗೊತ್ತಿದ್ದೂ ಒಂದು ಇಡೀ ಕ್ರಿಯಾಪದವನ್ನು ಕಿತ್ತು ಎಸೆದನೇ? ಅವಳಿಗೋಸ್ಕರ?

ಕರಗಿದ ಮನಸ್ಸಿನ ಬೆನ್ನಿಗೇ ಸಿಟ್ಟು ನುಗ್ಗಿ ಬಂತು. ಎಷ್ಟಾದರೂ ಅವಳೂ ನಿಘಂಟಿನವಳೇ ತಾನೇ! ಪ್ರೂಫಿನ ಹಾಳೆ ಕಿತ್ತುಕೊಂಡು ಕಾರಿಡಾರಿನ ಕೊನೆಗೆ ಹೋಗಿ ಅವನ ಕೋಣೆಯ ಬಾಗಿಲನ್ನು ದಢಾರನೆ ದೂಡಿದಳು.

ಒಳಗೆ ಅವನು ಲೋಟವನ್ನು ಆಗಷ್ಟೇ ತುಟಿಗೆ ಹಿಡಿದಿದ್ದ. ಸದ್ದಿಗೆ ಕುರ್ಚಿ ಸಮೇತ ಹಾರಿದ. ಚಹಾವೆಲ್ಲ ಅಂಗಿಯ ಮೇಲೆ!

“ಪದ ತೆಗೆದು ಬಿಡೋದಾ? ಹುಚ್ಚು ಹಿಡಿದಿದ್ಯಾ ನಿಮಗೆ? ನಾಳೆ ಯಾವುದೋ ಹುಡುಗಿ ಪರೀಕ್ಷೆಗೆ ಓದ್ತಾ ಇದೇ ಪದ ಹುಡುಕ್ತಾಳೆ, ಸಿಗಲ್ಲ. ಅವಳೇನು ಪಾಪ ಮಾಡಿದ್ಲು?”

ಅವನು ಎದ್ದು ನಿಂತ. ಮೂರು ದಿನದ ನಿದ್ದೆಗೇಡು ಮುಖದಲ್ಲಿ ಕಾಣುತ್ತಿತ್ತು. ಅಂಗಿಯಿಂದ ಚಹಾ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

“ತಪ್ಪಾಯ್ತು,” ಎಂದ. “ಪದದ ವಿಷಯದಲ್ಲಲ್ಲ, ನಿಮ್ಮ ವಿಷಯದಲ್ಲಿ. ಗೌರವ ಕೊಡ್ತಿದೀನಿ ಅಂದ್ಕೊಂಡೆ. ಎಲ್ಲರ ಮುಂದೆ ನಿಮ್ಮನ್ನ ನಿಲ್ಲಿಸಿದ ಹಾಗಾಗತ್ತೆ ಅಂತ ತಲೆಗೇ ಬರ್ಲಿಲ್ಲ. ಆದ್ರೆ ಕಾರ್ಡಿಗೋಸ್ಕರ ಹತ್ರ ಬಂದಿದ್ದಲ್ಲ. ಅದೊಂದನ್ನ ನಂಬಿ. ಉಳಿದಿದ್ದಕ್ಕೆಲ್ಲ ಬೈರಿ.”

ಅವಳು ಕುರ್ಚಿ ಎಳೆದು ಅವನ ಎದುರು ಕೂತಳು.

“ಕೇಳಿದ್ರೆ ಏನಾಗ್ತಿತ್ತು?”

“ಏನೂ ಆಗ್ತಿರ್ಲಿಲ್ಲ. ಕೇಳ್ಬೇಕಿತ್ತು.”

“ಈಗ ಕೇಳಿ.”

ಅವನು ಗಾಬರಿಯಿಂದ ನೋಡಿದ. “ಆ ವಾಕ್ಯ... ಪುಸ್ತಕದಲ್ಲಿ ಹಾಕ್ಬಹುದಾ?”

“ಬೇಡ.”

“ಸರಿ,” ಎಂದ ಅವನು ತಕ್ಷಣ. ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ. “ಬೇಡ ಅಂದ್ರೆ ಬೇಡ.”

ಆ ‘ಸರಿ’ ಅವಳ ಒಳಗೆ ಎಲ್ಲೋ ಹೋಗಿ ಕೂತಿತು. ತನ್ನ ‘ಬೇಡ’ವನ್ನು ಒಬ್ಬರು ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಅವಳಿಗೆ ಹೊಸದು. ಮೂರು ದಿನದಿಂದ ಬಿಗಿದುಕೊಂಡಿದ್ದ ಭುಜ ಮೆಲ್ಲಗೆ ಸಡಿಲವಾಯಿತು.

ಅವಳು ಮೇಜಿನ ಮೇಲಿದ್ದ ಖಾಲಿ ಕಾರ್ಡೊಂದನ್ನು ಎಳೆದುಕೊಂಡಳು. “ಪೆನ್ಸಿಲ್ ಕೊಡಿ. ಪ್ರೆಸ್ಸಿನವರು ಬರೋದ್ರೊಳಗೆ ಆ ಪದ ವಾಪಸ್ ಬರ್ಬೇಕು.” ಬರೆಯುತ್ತಾ ಬಾಯಲ್ಲೂ ಹೇಳಿಕೊಂಡಳು. “ತ್ಸುಸಾಮೆನ್‌ತ್ಸುಕೆನ್. ಜಂಪ್, ಫ್ಲಿಂಚ್. ವೆನ್ ದ ಡೋರ್ ಫ್ಲ್ಯೂ ಓಪನ್, ಹಿ ಜಂಪ್ಡ್ ಅಂಡ್ ಸ್ಪಿಲ್ಟ್ ಹಿಸ್ ಟೀ.”

ಬಾಗಿಲು ದಢಾರನೆ ತೆರೆದಾಗ ಅವನು ಬೆಚ್ಚಿಬಿದ್ದು ಚಹಾ ಚೆಲ್ಲಿಕೊಂಡ... ಅವನು ಅಂಗಿ ನೋಡಿಕೊಂಡ. ಅವಳ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೆ ನಗು ಬಂತು.

“ಇದನ್ನ ಯಾರು ಹೇಳಿದ್ದು ಅಂತ ಬರೀಲಿ?” ಎಂದ ಅವನು ಕಣ್ಣೊರೆಸಿಕೊಳ್ಳುತ್ತಾ.

“ನಾನೇ. ಈಗ, ಇದೇ ಕೋಣೆಯಲ್ಲಿ. ಇದಕ್ಕೆ ನನ್ನ ಒಪ್ಪಿಗೆ ಇದೆ. ನಿಮ್ಮದು?”

“ಎಂಟು ವರ್ಷದಲ್ಲಿ ಇಷ್ಟು ಒಳ್ಳೆ ಉದಾಹರಣೆ ನೋಡಿಲ್ಲ.” ಹೇಳುತ್ತಾ ಹೇಳುತ್ತಾ ಅವನ ನಗು ನಿಂತಿತು. “ನಿಮ್ಮನ್ನ ಬೇರೆ ಊರಿನ ಶಾಖೆಗೆ ಕರೀತಿದಾರಂತೆ. ಡಿಟಿಪಿ ಅಕ್ಕ ಹೇಳಿದ್ರು.”

“ಹೂಂ ಅಂತ ಬರೆದ ಪತ್ರ ಚೀಲದಲ್ಲಿದೆ. ಇನ್ನೂ ಕೊಟ್ಟಿಲ್ಲ.”

ಅವನು ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಕೈ ತಾನಾಗಿ ಇನ್ನೊಂದು ಖಾಲಿ ಕಾರ್ಡಿನ ಕಡೆಗೆ ಹೋಯಿತು.

ಅವಳು ಆ ಕಾರ್ಡಿನ ಮೇಲೆ ಅಂಗೈ ಊರಿದಳು. “ಬರೆದು ಕೊಡೋದೆಲ್ಲ ಬೇಡ. ಬಾಯಲ್ಲಿ ಹೇಳಿ.”

“ಬಾಯಲ್ಲಿ ಬರಲ್ವಲ್ಲ...”

“ಬರತ್ತೆ. ನನಗೇನೂ ಅವಸರ ಇಲ್ಲ.”

ಕಿಟಕಿಯಾಚೆ ಯಾರೋ ಸೈಕಲ್ ನಿಲ್ಲಿಸಿ ಬೀಗ ಹಾಕುತ್ತಿದ್ದರು. ಪಕ್ಕದ ಕೋಣೆಯಲ್ಲಿ ಪ್ರಿಂಟರ್ ಓಡುತ್ತಿತ್ತು. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

“ನೀವು ಅಂದ್ರೆ ನನಗೆ ಪ್ರಾಣ,” ಎಂದ ಕೊನೆಗೆ. “ಮೆಟ್ಟಿಲು ಹತ್ತಿದ ಮೊದಲ ದಿನದಿಂದಲೂ. ಹೋಗೋದು ಬಿಡೋದು ನಿಮ್ಮಿಷ್ಟ, ಅದನ್ನ ನಾನು ಕೇಳಲ್ಲ. ನೀವು ಇಲ್ಲಿದ್ರೂ ಅಷ್ಟೇ, ಅಲ್ಲಿದ್ರೂ ಅಷ್ಟೇ, ನನ್ನ ಮನಸ್ಸು ಇದೇ. ಒಂದನ್ನ ಮಾತ್ರ ಕೇಳ್ತೀನಿ.” ಅವನ ದನಿ ಒಡೆಯಿತು. “ನನ್ನನ್ನ... ಮದುವೆ ಆಗ್ತೀರಾ?”

ಮದುವೆ! ಆ ಪದ ಎರಡು ವರ್ಷದಿಂದ ಅವಳಿಗೆ ಮುಳ್ಳಾಗಿತ್ತು. ಈಗ ಚುಚ್ಚುತ್ತದೆಯೇ ಎಂದು ತನ್ನೊಳಗೇ ತಡಕಿ ನೋಡಿಕೊಂಡಳು. ಸ್ವಲ್ಪ ಭಯವಿತ್ತು. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಂತೋಷವಿತ್ತು. ಕಣ್ಣು ತುಂಬಿ ಬಂತು.

“ಇದ್ದಕ್ಕಿದ್ದ ಹಾಗೆ ಮನಸ್ಸು ಬದಲಾದ್ರೆ?” ಎಂದಳು ಸಣ್ಣ ದನಿಯಲ್ಲಿ.

“ಬದಲಾಗಲ್ಲ. ಏನೇ ಇದ್ರೂ ನಿಮ್ಮ ಎದುರು ಬಂದು ನಿಂತು, ನಿಮ್ಮ ಮುಖ ನೋಡಿ ಹೇಳ್ತೀನಿ. ಯಾವತ್ತೂ ಹಾಗೇ.”

ಅವಳು ಕಾರ್ಡಿನ ಮೇಲಿದ್ದ ಕೈ ತೆಗೆದು ಅವನ ಕೈ ಮೇಲಿಟ್ಟಳು. ಆ ಕೈ ಚಹಾದಿಂದ ಅಂಟಂಟಾಗಿತ್ತು.

“ಆ ಊರಿಗೆ ನಾನು ಹೋಗಲ್ಲ. ನಿಮಗೋಸ್ಕರ ಅಂತ ಬೀಗಬೇಡಿ. ಮಕ್ಕಳ ಪುಸ್ತಕ ಬರೆಯೋಕೆ ನನಗೆ ಮೊದಲಿಂದಲೂ ಇಷ್ಟ ಇಲ್ಲ.”

“ಬೀಗಲ್ಲ. ಮತ್ತೆ... ಇನ್ನೊಂದಕ್ಕೆ?”

“ಹೂಂ,” ಎಂದಳು.

“ಏನಂದ್ರಿ?”

“ಹೂಂ ಅಂದೆ! ಕಿವಿ ಚೆನ್ನಾಗಿದೆ ಅಂದ್ಕೊಂಡಿದ್ದೆ ನಿಮ್ಮದು.” ಅಳುತ್ತಲೇ ನಕ್ಕಳು. ಆಮೇಲೆ ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡು ಅಂದಳು, “ಇದನ್ನ ಮಾತ್ರ ಎಲ್ಲೂ ಬರ್ಕೋಬೇಡಿ.”

“ಬರ್ಕೊಳಲ್ಲ,” ಎಂದ ಅವನು. “ಇದು ನಮ್ಮಿಬ್ಬರದೇ.”